ಬುಲಿಮಿಯಾ ರೋಗಿಗೆ ‘ದುಡುಕಿನವಳು’ ಎಂಬ ಹೆಸರು ಅಂಟಿದ್ದು ಹೇಗೆ?

ಊಟ ಬಿಟ್ಟು ಕಡ್ಡಿಯಾಗುವ ಹುಡುಗಿಯನ್ನು ಮನೆಯವರು ಹಟಮಾರಿ ಅನ್ನುತ್ತಾರೆ. ಯಾರೂ ಇಲ್ಲದಾಗ ಸಿಕ್ಕಿದ್ದೆಲ್ಲ ತಿಂದು, ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡುವವಳಿಗೆ, ಅಂದರೆ ಬುಲಿಮಿಯಾ ಇರುವವಳಿಗೆ, ಅಷ್ಟು ಮರ್ಯಾದೆಯೂ ಇಲ್ಲ. ಅವಳದು ಬಾಯಿಚಪಲ, ಮನಸ್ಸಿಗೆ ಕಡಿವಾಣವಿಲ್ಲ ಎಂಬ ಮಾತು ಬರುತ್ತದೆ. ಮನೋವೈದ್ಯಶಾಸ್ತ್ರ ಕೂಡ ಈ ಎರಡನೇ ಮಾತನ್ನೇ ತನ್ನ ಭಾಷೆಯಲ್ಲಿ ನಾಲ್ಕು ದಶಕಗಳಿಂದ ಚರ್ಚಿಸುತ್ತ ಬಂದಿದೆ. ಇವತ್ತು ಒಬ್ಬಳೇ ರೋಗಿಯ ಫೈಲಿನಲ್ಲಿ ಬುಲಿಮಿಯಾ, ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ (ಭಾವನೆ, ಸಂಬಂಧಗಳು ಸ್ಥಿರವಾಗಿ ನಿಲ್ಲದ ತೊಂದರೆ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಕುಡಿತ ಎಲ್ಲವೂ ಇರಬಹುದು. ಯಾವುದರಿಂದ ಯಾವುದು ಬಂತು ಎಂದು ಕೇಳಿದರೆ ಒಬ್ಬೊಬ್ಬ ವೈದ್ಯರದು ಒಂದೊಂದು ಉತ್ತರ.

1873ರ ಸುಮಾರಿಗೆ ಪ್ಯಾರಿಸ್ಸಿನ ಲಾಸೆಗ್, ಲಂಡನ್ನಿನ ವಿಲಿಯಂ ಗಲ್ ಊಟ ಬಿಟ್ಟು ಕಡ್ಡಿಯಾಗುವ ಕಾಯಿಲೆ ಅನೊರೆಕ್ಸಿಯಾವನ್ನು ವರ್ಣಿಸಿದರು. ಅಲ್ಲಿಂದ ಸುಮಾರು ನೂರು ವರ್ಷ ವೈದ್ಯರ ಕಣ್ಣಿಗೆ ಮುಖ್ಯವಾಗಿ ಕಂಡವರು ಹಸಿದುಕೊಂಡಿರುವವರೇ. ನಡುವೆ 1959ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಂಕರ್ಡ್, ದಪ್ಪಗಿರುವ ಕೆಲವರು ಆಗಾಗ ಹಿಡಿತ ತಪ್ಪಿ ತಿನ್ನುವುದನ್ನು ಬರೆದರು. ಹೆಚ್ಚು ಜನ ಗಮನಿಸಲಿಲ್ಲ.

ಚಿತ್ರ ಬದಲಾಗಿದ್ದು 1979ರಲ್ಲಿ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಜೆರಾಲ್ಡ್ ರಸೆಲ್ 30 ರೋಗಿಗಳ ವಿವರ ಪ್ರಕಟಿಸಿ ಈ ಕಾಯಿಲೆಗೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟರು. ತಡೆಯಲಾಗದ ತಿನ್ನುವ ಒತ್ತಡ, ತಿಂದದ್ದನ್ನು ಹೊರಹಾಕುವುದು, ದಪ್ಪಗಾಗುವ ವಿಪರೀತ ಭಯ ಅದರ ಲಕ್ಷಣಗಳು. ಕೆಲವರ ಕೈಬೆರಳ ಗೆಣ್ಣುಗಳ ಮೇಲೆ, ವಾಂತಿಗಾಗಿ ಗಂಟಲಿಗೆ ಬೆರಳು ಹಾಕುವಾಗ ಹಲ್ಲು ತಾಗಿ ತಾಗಿ ಜಡ್ಡುಗಟ್ಟಿದ ಗಾಯವಿತ್ತು. ವೈದ್ಯ ವಿದ್ಯಾರ್ಥಿಗಳು ಈಗಲೂ ಅದನ್ನು ‘ರಸೆಲ್ ಚಿಹ್ನೆ’ ಎಂದೇ ಓದುತ್ತಾರೆ. ಅದೇ ಲೇಖನದಲ್ಲಿ ಇನ್ನೊಂದು ಅಂಶವಿತ್ತು: ಈ ರೋಗಿಗಳಲ್ಲಿ ಹೆಚ್ಚಿನವರು ಮೊದಲು ಅನೊರೆಕ್ಸಿಯಾದ ಹಂತ ದಾಟಿ ಬಂದವರು. ಅಂದರೆ ಮೊದಲು ಹಸಿದಿದ್ದರು, ಆಮೇಲೆ ಮುಗಿಬಿದ್ದು ತಿಂದರು. ಗಾಯ ಎಲ್ಲರ ನೆನಪಲ್ಲಿ ಉಳಿಯಿತು. ಹಸಿವು ಮುಂದಿನ ಹತ್ತು ಹದಿನೈದು ವರ್ಷ ಬಹುತೇಕ ಚರ್ಚೆಗಳಲ್ಲಿ ಹಿಂದಕ್ಕೆ ಸರಿಯಿತು ಎಂಬುದು ನನ್ನ ಅಭಿಪ್ರಾಯ.

ಹಿಂದಕ್ಕೆ ಸರಿಯಲು ಕಾರಣವೂ ಇತ್ತು. 1980ರಲ್ಲಿ ಟೊರಾಂಟೊದ ಗಾರ್ಫಿಂಕೆಲ್ ತಂಡ ಅನೊರೆಕ್ಸಿಯಾ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಬರೀ ಊಟ ಬಿಡುವವರಿಗಿಂತ, ನಡುನಡುವೆ ಹಿಡಿತ ತಪ್ಪಿ ತಿನ್ನುವವರಲ್ಲಿ ಕುಡಿತ, ಕಳ್ಳತನ, ಮೈಗೆ ಗಾಯ ಮಾಡಿಕೊಳ್ಳುವುದು, ಮನಸ್ಸಿನ ಏರಿಳಿತ ಹೆಚ್ಚಿದ್ದವು. 1986ರಲ್ಲಿ ಲಂಡನ್ನಿನ ಹ್ಯೂಬರ್ಟ್ ಲೇಸಿ ಮತ್ತು ಕ್ರಿಸ್ ಇವಾನ್ಸ್ ಇದಕ್ಕೆ ಬಹುಮುಖಿ ದುಡುಕಿನ ವ್ಯಕ್ತಿತ್ವ ಎಂಬ ರೂಪ ಕೊಟ್ಟರು. ಕುಡಿತ ಬಿಡಿಸಿದರೆ ತಿನ್ನುವುದು ಹೆಚ್ಚುತ್ತದೆ, ತಿನ್ನುವುದನ್ನು ತಡೆದರೆ ಕೈ ಕೊಯ್ದುಕೊಳ್ಳುವುದು ಶುರುವಾಗುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ ಎಂಬುದು ಅವರ ವಾದ. ವಾರ್ಡಿನಲ್ಲಿ ಇಂಥವರನ್ನು ನೋಡಿಕೊಂಡವರಿಗೆ ಇದು ಸುಳ್ಳು ಅನ್ನಿಸುವುದಿಲ್ಲ. ಜರ್ಮನಿಯ ಫಿಕ್ಟರ್ ತಂಡ 1994ರಲ್ಲಿ ತೋರಿಸಿದಂತೆ, ಇಂಥ ರೋಗಿಗಳು ಚಿಕಿತ್ಸೆಯ ನಂತರವೂ ಉಳಿದ ಬುಲಿಮಿಯಾ ರೋಗಿಗಳಷ್ಟು ಚೇತರಿಸಿಕೊಳ್ಳಲಿಲ್ಲ.

ಆದರೆ ಈ ಲೆಕ್ಕದಲ್ಲೊಂದು ತೊಡಕಿತ್ತು. 1980ರ ಅಮೆರಿಕದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-3, ಬಾರ್ಡರ್‌ಲೈನ್ ದೋಷದ ಲಕ್ಷಣವಾಗಿ ದುಡುಕನ್ನು ಹೇಳುವಾಗ ಖರ್ಚು, ಲೈಂಗಿಕತೆ, ಮಾದಕ ವಸ್ತುಗಳ ಜೊತೆಗೆ ಅತಿಯಾಗಿ ತಿನ್ನುವುದನ್ನೂ ಉದಾಹರಣೆಯಾಗಿ ಕೊಟ್ಟಿತ್ತು. ಈಗಿನ ಆವೃತ್ತಿಯಲ್ಲೂ ಅದು ಉಳಿದಿದೆ. ಬುಲಿಮಿಯಾ ಇದೆ ಎಂದಾಕ್ಷಣ ಆ ಲಕ್ಷಣದ ಅರ್ಧ ಭಾಗ ಆಗಲೇ ತುಂಬಿದಂತೆ. ಆಮೇಲೆ ಎರಡೂ ಕಾಯಿಲೆ ಜೊತೆಜೊತೆಯಾಗಿ ಬರುತ್ತವೆ ಎಂದರೆ ಅದರಲ್ಲಿ ಸ್ವಲ್ಪವಾದರೂ ಎಣಿಸುವ ರೀತಿಯಿಂದಲೇ ಬಂದದ್ದು. ಸಂಬಂಧವೇ ಇಲ್ಲ ಎಂದಲ್ಲ. ಎಷ್ಟಿದೆ ಎಂದು ಹೇಳುವಾಗ ಇದನ್ನು ಕಳೆದು ಹೇಳಬೇಕಿತ್ತು.

ಹಸಿವಿನ ಸಾಕ್ಷ್ಯ ಇದಕ್ಕೂ ಹಳೆಯದು. 1944ರ ಕೊನೆಯಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲೊಪ್ಪದ 36 ಯುವಕರ ಮೇಲೆ ಅರೆಹೊಟ್ಟೆಯ ಪ್ರಯೋಗ ಶುರು ಮಾಡಿದರು. ದೇಹ, ಮನಸ್ಸು ಎರಡೂ ಗಟ್ಟಿಯಿದ್ದವರನ್ನೇ ಆರಿಸಿದ್ದು. ಅರೆಹೊಟ್ಟೆಯ 24 ವಾರಗಳಲ್ಲಿ ಅವರಿಗೆ ಅಡುಗೆ ಪುಸ್ತಕವೇ ಓದು, ಊಟವೇ ಮಾತು. ಕೆಲವರು ನಿಯಮ ಮುರಿದು ಕದ್ದು ತಿಂದರು. ಪ್ರಯೋಗ ಮುಗಿದು ಊಟ ಸಿಕ್ಕಮೇಲೂ ಹೊಟ್ಟೆ ಬಿರಿಯುವಷ್ಟು ತಿಂದು, ಇನ್ನೂ ಬೇಕು ಅಂದವರಿದ್ದರು. ಇವರ ಹಿನ್ನೆಲೆಯಲ್ಲಿ ದುಡುಕಿನ ಸ್ವಭಾವ ಇರಲಿಲ್ಲ.

ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ 1981ರಿಂದ ಬೆಳೆಸಿದ ಚಿಕಿತ್ಸೆಯೂ ಕಠಿಣ ಪಥ್ಯವನ್ನೇ ಮೊದಲು ಹಿಡಿಯುತ್ತದೆ. ರೋಗಿಯ ಕೈಗೆ ಒಂದು ಹಾಳೆ ಬರುತ್ತದೆ. ಅದರಲ್ಲಿ ಹೊತ್ತು, ತಿಂದದ್ದು, ತಿಂದ ಜಾಗ ಬರೆಯಬೇಕು. ಅತಿಯಾಯಿತು ಅನ್ನಿಸಿದರೆ ಒಂದು ನಕ್ಷತ್ರದ ಗುರುತು, ಕೊನೆಯ ಕಾಲಮಿನಲ್ಲಿ ಆಗಿನ ಮನಸ್ಥಿತಿ. ಮೂರು ಊಟ, ನಡುವೆ ಎರಡೋ ಮೂರೋ ತಿಂಡಿ, ಎಲ್ಲೂ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲ. ಇಷ್ಟು ಸರಳ ಸೂತ್ರಕ್ಕೇ ಎಷ್ಟೋ ಜನರ ನಕ್ಷತ್ರಗಳು ಕಡಿಮೆಯಾಗುತ್ತವೆ. ಸಮಯಕ್ಕೆ ಉಂಡರೆ ಇಳಿಯುವ ದುಡುಕನ್ನು ವ್ಯಕ್ತಿತ್ವದ ಖಾತೆಗೆ ಬರೆಯುವ ಮುನ್ನ ಯೋಚಿಸಬೇಕಲ್ಲವೇ?

ಎಲ್ಲರಿಗೂ ಅದು ಇಳಿಯುವುದಿಲ್ಲ ಎಂಬುದೂ ನಿಜ. 2001ರಲ್ಲಿ ವೈಟ್‌ಸೈಡ್ ಮತ್ತು ಲೈನಮ್, ದುಡುಕು ಎಂಬ ಒಂದೇ ಗುಣವಿಲ್ಲ, ಅದರಲ್ಲಿ ನಾಲ್ಕು ಎಳೆಗಳಿವೆ ಎಂದು ವಾದಿಸಿದರು: ಮುಂದಾಲೋಚನೆ ಇಲ್ಲದಿರುವುದು, ಹಿಡಿದ ಕೆಲಸ ಮುಗಿಸದಿರುವುದು, ರೋಮಾಂಚನದ ಹುಡುಕಾಟ, ಮತ್ತು ಮನಸ್ಸು ಕೆಟ್ಟಾಗ ತಕ್ಷಣ ಏನಾದರೂ ಮಾಡಿಬಿಡುವುದು. 2008ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬುಲಿಮಿಯಾಕ್ಕೆ ಹೆಚ್ಚು ಗಟ್ಟಿಯಾಗಿ ಅಂಟಿದ್ದು ಕೊನೆಯದೇ. ಇದರಿಂದ ಒಂದು ಹಳೆಯ ಗೊಂದಲ ಬಗೆಹರಿಯುತ್ತದೆ. ಓದಿನಲ್ಲಿ ಮುಂದಿರುವ, ಲೆಕ್ಕ ಹಾಕಿ ನಡೆಯುವ ಹುಡುಗಿ, ಮನೆ ಖಾಲಿಯಿರುವ ಹೊತ್ತು ನೋಡಿ ಬೇಕರಿಯಿಂದ ಮೊದಲೇ ತಂದಿಡುವ ಹುಡುಗಿ ದುಡುಕಿನವಳು ಹೇಗಾಗುತ್ತಾಳೆ? ಯೋಜನೆ ಹಾಕಲು ಅವಳಿಗೆ ಬರುತ್ತದೆ. ಅವಮಾನ, ಬೇಸರ ಉಕ್ಕಿ ಬಂದಾಗ ಅದನ್ನು ತಾಳಿಕೊಳ್ಳುವುದು ಬರುವುದಿಲ್ಲ.

ಮಾರ್ಷಾ ಲಿನೆಹನ್ ಬಾರ್ಡರ್‌ಲೈನ್ ರೋಗಿಗಳಿಗಾಗಿ ರೂಪಿಸಿದ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ಈ ತಾಳಿಕೆಯನ್ನೇ ಕಲಿಸುತ್ತದೆ. ಬಿಂಜ್ ಈಟಿಂಗ್ (ಹಿಡಿತ ತಪ್ಪಿ ತಿಂದರೂ ಹೊರಹಾಕದ ಕಾಯಿಲೆ) ಇರುವವರ ಮೇಲೂ ಅದನ್ನು 2001ರಲ್ಲಿ ಪರೀಕ್ಷಿಸಿ ಫಲ ಕಂಡರು. 2013ರಲ್ಲಿ ಬಿಂಜ್ ಈಟಿಂಗ್ ಸ್ವತಂತ್ರ ಕಾಯಿಲೆಯಾಗಿ ಡಿಎಸ್‌ಎಂ-5 ಸೇರಿತು. 2015ರಲ್ಲಿ ಎಡಿಎಚ್‌ಡಿಯ ಮಾತ್ರೆ ಲಿಸ್‌ಡೆಕ್ಸ್‌ಆಂಫೆಟಮೈನ್‌ಗೆ ಅಮೆರಿಕದಲ್ಲಿ ಇದಕ್ಕೂ ಒಪ್ಪಿಗೆ ಸಿಕ್ಕಿತು. ನೋಡಿ, ದುಡುಕೇ ಮೂಲ ಎಂದರು ಕೆಲವರು. ಆ ಮಾತ್ರೆ ಹಸಿವನ್ನೂ ಕುಗ್ಗಿಸುತ್ತದೆ, ಹಾಗಾಗಿ ಅದರಿಂದ ಏನನ್ನೂ ಸಾಬೀತು ಮಾಡಲಾಗದು.

ನಮ್ಮಲ್ಲಿ ಇದು ಪಾಶ್ಚಾತ್ಯರ ಕಾಯಿಲೆ ಎಂಬ ಮಾತು ಬಹುಕಾಲ ನಡೆಯಿತು. 2012ರಲ್ಲಿ ಪ್ರಕಟವಾದ, ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯೊಂದರಲ್ಲಿ ಸುಮಾರು ಮೂರನೇ ಎರಡರಷ್ಟು ವೈದ್ಯರು ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಯ ಒಬ್ಬರನ್ನಾದರೂ ನೋಡಿದ್ದೇವೆ ಎಂದಿದ್ದರು. ಕುಡಿತಕ್ಕೋ ಕೈ ಕೊಯ್ದುಕೊಂಡದ್ದಕ್ಕೋ ಆಸ್ಪತ್ರೆಗೆ ಬಂದವಳು ಊಟದ ವಿಷಯ ತಾನಾಗಿ ಎತ್ತುವುದಿಲ್ಲ, ನಾಚಿಕೆ ಅಷ್ಟಿರುತ್ತದೆ. ಕೇಳಬೇಕಾದವರು ವೈದ್ಯರು. ಆಗಾಗ ವಾಂತಿಯಾಗುತ್ತಿದೆ ಎಂದು ತಿಳಿದರೆ ಸ್ವಭಾವದ ಚರ್ಚೆ ಆಮೇಲಿರಲಿ. ರಕ್ತದ ಪೊಟ್ಯಾಸಿಯಂ ಅಂದೇ ನೋಡಿಸಬೇಕು, ಅದು ಇಳಿದರೆ ಎದೆಬಡಿತವೇ ತಪ್ಪಬಹುದು.