ಪದ ಪರಿಚಯ: ವಿರಳ ಜೀವಗೋಳ

ಮುಂಗಾರಿನ ಮೊದಲ ಗುಡುಗು ಕೇಳಿದ ಮೇಲೆ ನಮ್ಮ ಮಲೆನಾಡಿನ ಹುತ್ತಗಳ ಸುತ್ತ ಅಣಬೆ ಏಳುತ್ತದೆ. ನಿನ್ನೆ ಅಲ್ಲಿ ಏನೂ ಇರಲಿಲ್ಲ ಎನಿಸುತ್ತದೆ. ಆದರೆ ಅದರ ಎಳೆಗಳು ಹುತ್ತದೊಳಗೆ ಮೊದಲಿನಿಂದಲೂ ಇದ್ದವು. ಕಡಲ ನೀರಿನಲ್ಲಿ ಹೀಗೆ ಅಡಗಿ ಕುಳಿತಿರುವ ಸೂಕ್ಷ್ಮಜೀವಿಗಳ ದೊಡ್ಡ ಸಮೂಹಕ್ಕೆ 'ವಿರಳ ಜೀವಗೋಳ' ಎಂದು ಹೆಸರು.

ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ, ಅಂದರೆ ಹದಿನೈದಿಪ್ಪತ್ತು ಹನಿಗಳಲ್ಲಿ, ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಕೆಲವೇ ಬಗೆಯವು. ಬಿಸಿಲಿನಿಂದ ಆಹಾರ ತಯಾರಿಸುವ ಪ್ರೊಕ್ಲೊರೊಕಾಕಸ್ ಅಂಥ ಒಂದು. 1988ರವರೆಗೆ ಅದರ ಬಗ್ಗೆ ಜಗತ್ತಿಗೆ ತಿಳಿದಿರಲೇ ಇಲ್ಲ. ಉಳಿದ ಸಾವಿರಾರು ಬಗೆಗಳಲ್ಲಿ ಒಂದೊಂದರದೂ ಬೆರಳೆಣಿಕೆಯ ಕೋಶಗಳು. ಎಣಿಕೆಯಲ್ಲಿ ಬಡವಾದ ಈ ಗುಂಪಿನಲ್ಲೇ ವೈವಿಧ್ಯದ ನಿಜವಾದ ಸಂಪತ್ತು ಇದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದು ಬೆಳೆಯುವುದೂ ಕಷ್ಟ. ಹಾಗಾಗಿ ಅವುಗಳನ್ನು ಬೆಳೆಸುವ ಗೋಜಿಗೆ ಹೋಗದೆ, ನೀರಿನಿಂದ ನೇರವಾಗಿ ಡಿಎನ್‌ಎ ತೆಗೆದು ಓದುವ ದಾರಿ ಕಂಡುಕೊಳ್ಳಬೇಕಾಯಿತು. ಅಮೆರಿಕದ ವುಡ್ಸ್ ಹೋಲ್ ಎಂಬ ಊರಿನ ಕಡಲಜೀವಿ ಪ್ರಯೋಗಾಲಯದ ವಿಜ್ಞಾನಿ ಮಿಚೆಲ್ ಸೋಗಿನ್ ಮತ್ತು ಸಂಗಡಿಗರು ಆಳದ ಅಟ್ಲಾಂಟಿಕ್ ನೀರನ್ನು ಹೀಗೆ ಓದಿ, 2006ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಓದುವ ಯಂತ್ರಗಳ ತಪ್ಪುಗಳೂ ಹೊಸ ಬಗೆಗಳಾಗಿ ಎಣಿಕೆಗೆ ಸೇರಿದ್ದು ಆಮೇಲೆ ಗೊತ್ತಾಯಿತು. ಲೆಕ್ಕ ಇಳಿಯಿತು, ಆದರೆ ವಿರಳರ ಸಾಲು ಅಳಿಸಿಹೋಗಲಿಲ್ಲ.

'ವಿರಳ' ಎಂದ ಕೂಡಲೇ ನಮಗೆ ಶರಾವತಿ ಕಣಿವೆಯ ಸಿಂಗಳೀಕ ನೆನಪಾಗುತ್ತದೆ. ಇಲ್ಲಿ ಆ ಅರ್ಥ ಹಿಡಿಯಬಾರದು. ಕಾಡು ತುಂಡಾದಂತೆಲ್ಲ ಸಿಂಗಳೀಕ ಕಡಿಮೆಯಾಯಿತು. ಈ ಜೀವಿಗಳಲ್ಲಿ ಹಲವು ಕಡಿಮೆಯಿದ್ದುಕೊಂಡೇ ಬಾಳುತ್ತವೆ, ತಮ್ಮ ಕಾಲಕ್ಕಾಗಿ ಕಾಯುತ್ತವೆ. ಅಟ್ಲಾಂಟಿಕ್ ತಳದ 'ಲಾಸ್ಟ್ ಸಿಟಿ' ಎಂಬಲ್ಲಿ ಬಿಸಿನೀರ ಬುಗ್ಗೆಗಳು ಕಟ್ಟಿದ ಸುಣ್ಣದ ಗೋಪುರಗಳಿವೆ. ಎಳೆಯ ಗೋಪುರಗಳಲ್ಲಿ ವಿರಳವಾಗಿರುವ ಕೆಲವು ಬಗೆಗಳು ಹಳೆಯ ಗೋಪುರಗಳಲ್ಲಿ ಹೇರಳವಾಗಿ ಕಂಡವು. ಅಲ್ಲಿ ಆ ಸರದಿ ಬರಲು ಸಾವಿರ ವರ್ಷಗಳೇ ಹಿಡಿಯಬಹುದು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಈ ತಾಳ್ಮೆ.

ವಿರಳರೆಲ್ಲ ಹೀಗೆ ಕಾಯುವವರಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯಂಥ ನದಿಗಳು ಸಿಹಿನೀರಿನ ಜೀವಿಗಳನ್ನೂ ಒಯ್ದು ಉಪ್ಪುನೀರಿಗೆ ಬಿಡುತ್ತವೆ. ಅವುಗಳಲ್ಲಿ ಅನೇಕವು ಅಲ್ಲಿ ಬೆಳೆಯುವುದಿಲ್ಲ. ಡಿಎನ್‌ಎ ಪಟ್ಟಿಯಲ್ಲಿ ಮಾತ್ರ ಅತಿಥಿಯ ಹೆಸರೂ ನೆಲೆಸಿದವರ ಹೆಸರೂ ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ.