ತೂಬಿನ ಬಳಿ ಇಲ್ಲದವರು

ಮಾರ್ಚ್ ಕೊನೆಗೆ ದಾವಣಗೆರೆ ಜಿಲ್ಲೆಯ ಮಲೇಬೆನ್ನೂರು ಕಡೆ ಹೋದರೆ ಭದ್ರಾ ನಾಲೆಯ ಏರಿ ಮೇಲೆ ರಾತ್ರಿಯೆಲ್ಲ ಬ್ಯಾಟರಿ ಬೆಳಕು ಓಡಾಡುತ್ತಿರುತ್ತದೆ. ಬೇಸಿಗೆ ಭತ್ತ ಹೊಡೆ ಕಟ್ಟುವ ಹೊತ್ತು. ಸರದಿ ಬಂದಿದೆ, ತೂಬಿನಲ್ಲಿ ನೀರಿಲ್ಲ. ಮೇಲಿನವರು ಗೇಟು ಎತ್ತಿದ್ದಾರೆ ಅಂತ ಕೆಳಗಿನವರು. ನಮಗೇ ಬಂದಿಲ್ಲ ಅಂತ ಮೇಲಿನವರು. ಮಾತು ಬೆಳೆದು ಸಲಿಕೆ ಎತ್ತುವ ತನಕ ಹೋಗುತ್ತದೆ. ಮರುದಿನ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಮುಂದಿನ ಸರದಿಗೆ ಮತ್ತೆ ಅದೇ ಬೆಳಕು, ಅದೇ ಸಲಿಕೆ.

ಹಿರಿಯರದು ತಪ್ಪೆನ್ನಲಾರೆ, ಆ ರಾತ್ರಿಯ ರಕ್ತ ಉಳಿಸಿದ್ದು ಅವರೇ. ಆದರೆ ಅವರು ಕರೆಸಿದ್ದು ಸಲಿಕೆ ಎತ್ತಿದ ಇಬ್ಬರನ್ನು ಮಾತ್ರ. ಶಾಂತಿ ಅಧ್ಯಯನದಲ್ಲಿ ಸಂಘರ್ಷ ವಿಶ್ಲೇಷಣೆ ಅನ್ನುವ ಕೆಲಸ ಶುರುವಾಗುವುದೇ ಇಲ್ಲಿಂದ: ಜಗಳದ ಜಾಗದಲ್ಲಿ ಇಲ್ಲದೆಯೂ ಜಗಳದೊಳಗೆ ಇರುವವರು ಯಾರು?

ನಾರ್ವೆಯ ಶಾಂತಿ ಅಧ್ಯಯನಕಾರ ಯೋಹಾನ್ ಗಾಲ್ಟುಂಗ್ ಇದಕ್ಕೊಂದು ತ್ರಿಕೋನ ಕೊಟ್ಟರು. ಒಂದು ಮೂಲೆಯಲ್ಲಿ ನಡವಳಿಕೆ, ಇನ್ನೊಂದರಲ್ಲಿ ಮನೋಭಾವ, ಮೂರನೆಯದರಲ್ಲಿ ಒಂದಕ್ಕೊಂದು ಹೊಂದದ ಹಿತಗಳು. ಸಲಿಕೆ ಮೊದಲನೆಯದು. ‘ಮೇಲ್ಗಡೆಯವರು ಯಾವತ್ತೂ ಹಿಂಗೇ’ ಅನ್ನುವುದು ಎರಡನೆಯದು. ಮೂರನೆಯದನ್ನು ಹುಡುಕುತ್ತಾ ನಾಲೆಗುಂಟ ಮೇಲಕ್ಕೆ ನಡೆಯಬೇಕು. ದಾರಿಯಲ್ಲಿ ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪುಗಳು, ಚನ್ನಗಿರಿ ಕಡೆ ಬೇಸಿಗೆಯಲ್ಲೂ ನೀರು ಬೇಡುವ ಅಡಿಕೆ ತೋಟಗಳು, ಎಷ್ಟು ದಿನ ನೀರು ಹರಿಸಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ, ಕೊನೆಗೆ 186 ಅಡಿಯ ಭದ್ರಾ ಜಲಾಶಯದಲ್ಲಿ ಆ ವರ್ಷ ನಿಂತ ನೀರು. ಇಷ್ಟು ಕಂಡಮೇಲೆ, ತೂಬಿನ ಬಳಿ ಕಾದಾಡಿದ ಇಬ್ಬರೂ ಒಂದೇ ಕೊರತೆಯ ಎರಡು ತುದಿ ಅನ್ನುವುದು ತಿಳಿಯುತ್ತದೆ. ರಾಜಿಯ ಮಾತೂ ಅಲ್ಲಿಗೆ ಬದಲಾಗುತ್ತದೆ: ಇಬ್ಬರೂ ಸೇರಿ ಸಮಿತಿಯ ಬಾಗಿಲು ತಟ್ಟಬಹುದಲ್ಲ!

ಕಾಗದದ ಮೇಲೆ ಸಲೀಸು. ಈ ವಿಶ್ಲೇಷಣೆಗೆಂದು ಊರಿಗೆ ಹೋದವನು ಮೊದಲು ಯಾರ ಜಗಲಿಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದ ಅನ್ನುವುದರ ಮೇಲೆಯೇ ಅವನು ಯಾರ ಕಡೆಯವನು ಅಂತ ಊರು ತೀರ್ಮಾನ ಮಾಡಿರುತ್ತದೆ. ಗದ್ದೆ ಒಣಗಿದರೆ ಕೂಲಿ ಕಳೆದುಕೊಳ್ಳುವ ಹೆಂಗಸರನ್ನು ಯಾರೂ ಮಾತಿಗೆ ಕರೆಯುವುದಿಲ್ಲ. ಜುಲೈನಲ್ಲಿ ಮಳೆ ಹಿಡಿದರೆ ಜಗಳದಲ್ಲಿ ಯಾರ್‍ಯಾರು ಎಲ್ಲೆಲ್ಲಿದ್ದಾರೆ ಅಂತ ಬರೆದಿಟ್ಟ ನಕ್ಷೆ ಅರ್ಧ ಹಳತು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಯಾರ ಪೈಪು ಎಲ್ಲಿದೆ ಅಂತ ಮಾಡಿದ ಪಟ್ಟಿ ಕೈತಪ್ಪಿದರೆ, ಅದೇ ಮುಂದಿನ ಜಗಳಕ್ಕೆ ಆಯುಧ.

ಇದೆಲ್ಲ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನು ನಾಲೆಯ ಸೌಡಿ, ಅಂದರೆ ತೂಬುಗಳಿಗೆ ನೀರು ಬಿಡುವವನು. ಕೇಳಿ ನೋಡಿ. ಮೊದಲು ಏರಿಯ ಆಚೀಚೆ ಕಣ್ಣಾಡಿಸುತ್ತಾನೆ, ಆಮೇಲೆ ‘ಈ ಸಲ ನೀರೇ ಕಮ್ಮಿ ಬಿಡ್ರೀ ಸಾರ್’ ಅಂದು ಸೈಕಲ್ ಹತ್ತುತ್ತಾನೆ.