ವ್ಯಾನ್ ಇಳಿಯುವ ಮುಂಚೆ ಕೇಳಿ

ನಾನು ಬೆಂಗಳೂರಿನಿಂದ ಕೀನ್ಯಾದ ಮಸಾಯಿ ಮಾರಾ ವನ್ಯಜೀವಿ ಮೀಸಲಿಗೆ ತಂಡಗಳನ್ನು ಕರೆದುಕೊಂಡು ಹೋಗುತ್ತೇನೆ. ಮೂರು ದಿನ ಸಿಂಹ ನೋಡಿ ಸಾಕಾದ ಮೇಲೆ ಯಾರಾದರೂ ಕೇಳೇ ಕೇಳುತ್ತಾರೆ, "ಸಾರ್, ಆ ಕೆಂಪು ಬಟ್ಟೆಯವರ ಹಳ್ಳಿಗೆ ಹೋಗೋಣ್ವಾ?"

ಅಂದರೆ ಅಲ್ಲಿನ ದನಗಾಹಿ ಮಸಾಯಿ ಜನರ ಹಳ್ಳಿಗೆ. ಹೋಗೋಣ. ಆದರೆ ಮೊದಲು ದುಡ್ಡಿನ ಮಾತು.

ಗೇಟಿನ ಹತ್ತಿರದ ಹಳ್ಳಿಗಳಲ್ಲಿ ತಲೆಗೆ ಇಷ್ಟು ಅಂತ ಟಿಕೆಟ್. ಹುಡುಗರು ಎಗರಿ ಎಗರಿ ಕುಣಿಯುತ್ತಾರೆ, ಕಡ್ಡಿ ತಿಕ್ಕಿ ಬೆಂಕಿ ಹೊತ್ತಿಸುತ್ತಾರೆ, ಆಮೇಲೆ ಅಂಗಡಿ ಸಾಲು, ಮುಕ್ಕಾಲು ಗಂಟೆಗೆ ಎಲ್ಲ ಮುಗೀತು. ಮೊದಲ ವರ್ಷ ನಾನೂ ಹೀಗೇ ಮಾಡಿಸಿದ್ದೆ. ಆ ದುಡ್ಡಿನಲ್ಲಿ ದೊಡ್ಡ ಪಾಲು ನಮ್ಮನ್ನು ಅಲ್ಲಿಗೆ ತಂದ ಡ್ರೈವರಿಗೇ ಹೋಗಿತ್ತು, ಅದನ್ನು ಹೇಳಿದ್ದು ಹಳ್ಳಿಯ ಹುಡುಗನೇ. ಈಗ ವ್ಯಾನ್ ಇಳಿಯುವ ಮುಂಚೆ ಕೇಳಿಬಿಡುತ್ತೇನೆ: ಹಳ್ಳಿಗೆ ಎಷ್ಟು, ಯಾರ ಕೈಗೆ?

ಮೀಸಲಿನ ಸುತ್ತ ಇನ್ನೊಂದು ವ್ಯವಸ್ಥೆ ಇದೆ. ಕನ್ಸರ್ವೆನ್ಸಿ ಅಂತಾರೆ. ಮಸಾಯಿ ಕುಟುಂಬಗಳು ತಮ್ಮ ಹೆಸರಿನ ಜಮೀನನ್ನು ಒಟ್ಟುಗೂಡಿಸಿ ಪ್ರವಾಸಿಗರು ಉಳಿಯುವ ಕ್ಯಾಂಪುಗಳಿಗೆ ಗುತ್ತಿಗೆ ಕೊಡುತ್ತವೆ. ಪ್ರವಾಸಿ ಬರಲಿ ಬಿಡಲಿ, ಬಾಡಿಗೆ ಬರಬೇಕು. 2010ರಲ್ಲಿ ಶುರುವಾದ ನಬೋಯಿಶೋ ಕನ್ಸರ್ವೆನ್ಸಿಯಲ್ಲಿ ಹೀಗೆ ಸುಮಾರು 500 ಕುಟುಂಬಗಳಿವೆ. ದನ ಮೇಯಿಸುವುದಕ್ಕೆ ಸರದಿ, ಕಟ್ಟುಪಾಡು ಇದೆ. ಅಲ್ಲಿ ಉಳಿದರೆ ಊರಿನ ಹುಡುಗನ ಜೊತೆ ಕಾಡಿನಲ್ಲಿ ಕಾಲ್ನಡಿಗೆಯಲ್ಲೂ ಹೋಗಬಹುದು, ಮೀಸಲಿನ ಒಳಗೆ ಅದಕ್ಕೆ ಅವಕಾಶವಿಲ್ಲ. ಖರ್ಚು ಜಾಸ್ತಿ, ಹೌದು.

ಇಲ್ಲೂ ಒಂದು ತೊಡಕಿದೆ. ಜಮೀನಿನ ಪತ್ರ ಇರೋದು ಹೆಚ್ಚಾಗಿ ಗಂಡಸರ ಹೆಸರಲ್ಲಿ, ಹಾಗಾಗಿ ಬಾಡಿಗೆಯೂ ಅವರ ಖಾತೆಗೇ. ಹೆಂಗಸರ ಕೈಗೆ ನೇರವಾಗಿ ಸೇರೋದು ಮಣಿ ಸರದ ದುಡ್ಡು. ಅದಕ್ಕೇ ಮಣಿ ಸರಕ್ಕೆ ಚೌಕಾಸಿ ಮಾಡಬೇಡಿ ಅಂತೀನಿ. ಮರದ ಸಿಂಹ, ಜಿರಾಫೆ ಬಿಟ್ಟುಬಿಡಿ. ಆ ಕೆತ್ತನೆ ಕಾಂಬಾ ಜನರ ಕಸುಬು, ಮಸಾಯಿಗಳದ್ದಲ್ಲ.

"ದನದ ರಕ್ತ ಕುಡೀತಾರಂತೆ?" ಅಂತ ಎಲ್ಲರೂ ಕೇಳುತ್ತಾರೆ. ವಿಶೇಷ ಸಂದರ್ಭಕ್ಕೆ ಉಂಟು. ದಿನದ ಊಟ ಮಾತ್ರ ಉಗಾಲಿ, ಅಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಹಾಲು ಹಾಕಿದ ಚಾಯ್. ಸ್ವಾಹಿಲಿಯಲ್ಲೂ ಚಾಯ್ ಅಂತಲೇ! ಹಾಲು ಇಡೋದು ಸೋರೆ ಬುರುಡೆಯಲ್ಲಿ. ಉರಿವ ಕೊಳ್ಳಿಯಿಂದ ಒಳಗೆಲ್ಲ ಉಜ್ಜಿ ಶುಚಿ ಮಾಡುವುದರಿಂದ ಹಾಲಿಗೆ ಹೊಗೆಯ ವಾಸನೆ. ಮೊದಲ ಗುಟುಕಿಗೆ ಮುಖ ಕಿವುಚಬೇಡಿ, ನೋಡ್ತಿರ್ತಾರೆ.

ನಮಸ್ಕಾರಕ್ಕೆ "ಸೋಪಾ" ಅಂದರೆ "ಈಪಾ" ಅಂತ ಉತ್ತರ. ಮಕ್ಕಳು ತಲೆ ಬಗ್ಗಿಸಿ ಬಂದರೆ ನೆತ್ತಿ ಮುಟ್ಟಿ, ಅದೇ ಅವರ ನಮಸ್ಕಾರ. ಕ್ಯಾಮೆರಾ ಆಮೇಲೆ, ಅದೂ ಕೇಳಿಕೊಂಡು.

ಮನೆ ಕಟ್ಟುವುದು ಅಲ್ಲಿ ಹೆಂಗಸರು. ರೆಂಬೆ ನೆಟ್ಟು, ಮಣ್ಣು, ಸಗಣಿ, ಬೂದಿ ಮೆತ್ತುತ್ತಾರೆ. ಮಳೆಗೆ ಮಾಡು ಸೋರಿದರೆ ಹತ್ತಿ ಸಗಣಿ ಬಳಿಯುವವಳೂ ಅವಳೇ. ಒಮ್ಮೆ ನಮ್ಮ ತಂಡದಲ್ಲಿ ತುಮಕೂರು ಕಡೆಯ ಅಜ್ಜಿಯೊಬ್ಬರಿದ್ದರು, ಮಗ ಬಲವಂತವಾಗಿ ಕರೆತಂದಿದ್ದ. ಕುಣಿತ ನಡೆಯುತ್ತಿರುವಾಗಲೇ ಎದ್ದು, ಹಿಂದೆ ಗೋಡೆ ಮೆತ್ತುತ್ತಿದ್ದ ಹೆಂಗಸಿನ ಹತ್ತಿರ ಹೋದರು. ಒಂದು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕನ್ನಡದಲ್ಲೇ, "ತೆಳ್ಳಗಾಯ್ತು ಕಣಮ್ಮ, ಬಿರುಕು ಬಿಡುತ್ತೆ" ಅಂತ ಬಳೆ ಮೇಲೆ ಸರಿಸಿ ಕೈ ಹಾಕಿಯೇಬಿಟ್ಟರು. ಆಕೆ ಜೋರಾಗಿ ನಕ್ಕಳು. ಅಜ್ಜಿಯ ಕೈ ಹಿಡಿದು, ಇಷ್ಟು ಅಂತ ಬೂದಿ ಸುರಿದು ಕಲಸಿ ತೋರಿಸಿದಳು. ನಾವು ಹೊರಡೋಣ ಅಂದಾಗ ಇಬ್ಬರೂ ಅರ್ಧ ಗೋಡೆ ಮುಗಿಸಿದ್ದರು, ಅಜ್ಜಿ "ಇರಪ್ಪಾ, ಇದೊಂದು ಮೂಲೆ" ಅಂದರು.